ಬಾಗಿಲಿಗೆ ಕಟ್ಟಿದ ಕೌದಿ

ಹಳೆಯ ಕೌದಿಯನ್ನು ಬಿಸಿಲಿಗೆ ಹರವಿದಾಗ ಬರುವ ವಾಸನೆ ಈಗಲೂ ನನ್ನನ್ನು ಬೆಟಗೇರಿಯ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಕನ್ನಡನಾಡು ಆಗಿನ್ನೂ ಒಂದಾಗಿರಲಿಲ್ಲ. ಹವ್ಯಾಸಿ ರೇಡಿಯೋದ ಪರವಾನಗಿ ಪಡೆದಿದ್ದ ನಮ್ಮ ಕಾಕಾ, ನಡುಮನೆಯ ಪಕ್ಕದ ಕೋಣೆಯಲ್ಲಿ ಕುಳಿತು ಮೈಸೂರಿನ ಗೆಳೆಯರೊಬ್ಬರ ಜೊತೆ ಮಾತನಾಡುತ್ತಿದ್ದ. ಅವರದು ಯಾವಾಗಲೂ ಒಂದೇ ದೂರು: ಮಾತಿನ ಹಿಂದೆ ಓಣಿಯ ಮಗ್ಗಗಳ ಖಟಖಟ ಸದ್ದು. ಕಾಕಾ ಮೈಕಿಗೆ ಉಣ್ಣೆ ಸುತ್ತಿದ. ಕಿಟಕಿಗೆ ಗೋಣಿಚೀಲ ತುರುಕಿದ. ಸದ್ದು ಹೋಗಲಿಲ್ಲ.

"ಈ ಮಗ್ಗ ಒಂದಿನಾನೂ ನಿಲ್ಲಂಗಿಲ್ಲೇನಬೇ?" ಎಂದು ರೇಗಿದ.

ನಡುಮನೆಯಲ್ಲಿ ಜ್ವರ ಬಂದು ಮಲಗಿದ್ದ ಅಜ್ಜಿ ನಕ್ಕಳು. "ಓಣ್ಯಾಗ ಯಾರರ ಸತ್ತಾಗ ನಿಲ್ತಾವಲೇ." ಆಮೇಲೆ ಹೊದ್ದಿದ್ದ ಕೌದಿಯನ್ನು ಸರಿಸಿದಳು. "ತಗೋ, ಇದನ್ನ ಬಾಗಲಕ್ಕ ಕಟ್ಟು. ನನಗ ಸೆಕಿ ಆಗಾಕತ್ತೈತಿ."

ಅವಳ ಕೈ ಚಳಿಗೆ ನಡುಗುತ್ತಿತ್ತು.

ಕಾಕಾ ನಡುಮನೆಗೆ ತೆರೆಯುವ ಬಾಗಿಲಿಗೆ ಕೌದಿ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ. ನಾನು ಅವನ ಪಕ್ಕದಲ್ಲಿ ಚಾಪೆಯ ಮೇಲಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಅವನ ಮುಖ ಅರಳಿತು.

"ಧ್ವನಿ ಭಾಳ ಸ್ವಚ್ಛ ಐತಂತ! ಮಗ್ಗದ ಸಪ್ಪಳ ಒಂಚೂರೂ ಇಲ್ಲಂತ!" ಎಂದು ನನ್ನ ಬೆನ್ನು ತಟ್ಟಿದ.

ನಿಜ, ಓಣಿಗೆ ಓಣಿಯೇ ಸುಮ್ಮನಾಗಿತ್ತು. ಕಾಕಾ ಕೌದಿಯನ್ನು ಹೆಮ್ಮೆಯಿಂದ ನೋಡುತ್ತ ಇನ್ನಷ್ಟು ಮಾತನಾಡಿದ. ಮೈಸೂರಿನವರು ಏನೋ ಕೇಳಿರಬೇಕು. ಅವನು ಮಾತು ನಿಲ್ಲಿಸಿ ನನ್ನತ್ತ ತಿರುಗಿದ.

"ಹಿಂದ ಯಾರೋ ಅಳಾಕತ್ತಾರಂತಲ್ಲ," ಎಂದ. "ಯಾರ ಮನ್ಯಾಗಲೇ?"

ನಾನು ಕೌದಿಯ ಕಡೆ ಬೊಟ್ಟು ಮಾಡಿದೆ.