ಕಂಬಳಿ ನೆನೆಹಾಕುವ ತೊಟ್ಟಿ

ಜೈಲರ್ ಕೋಲನ್ನು ತೊಟ್ಟಿಯೊಳಗೆ ಇಳಿಸಿ ಮೂಲೆ ಮೂಲೆ ತಡಕಿದ. ನೀರು ಹೋಗುವ ತೂತು ಮುಷ್ಟಿಯಷ್ಟಿತ್ತು. ಇಲಿ ತೂರಬಹುದು, ಮನುಷ್ಯ ತೂರಲಾರ. ಆದರೂ ಅನುಮಾನ ಹೋಗಲಿಲ್ಲ.

ಅದು ಸೆರೆಮನೆಯ ಬಟ್ಟೆ ಒಗೆಯುವ ಕೋಣೆ. ಕಿಟಕಿಯಿಲ್ಲ. ಇರುವ ಒಂದೇ ಕಬ್ಬಿಣದ ಬಾಗಿಲಿಗೂ ಹೊರಗಿನಿಂದ ಅಗುಳಿ. ಸೋಡಾಪುಡಿಯ ಘಾಟು ಗಂಟಲು ಹಿಡಿಯುತ್ತಿತ್ತು. ಕಂಬಳಿ ನೆನೆಹಾಕುವ ಸಿಮೆಂಟಿನ ತೊಟ್ಟಿಯನ್ನು ಬೆಳಿಗ್ಗೆಯೇ ತಿಕ್ಕಿ ತೊಳೆದು ಎದೆಮಟ್ಟ ನೀರು ತುಂಬಿಸಿದ್ದರು.

ಕೈದಿಯನ್ನು ಎಲ್ಲರೂ ಟೈಲರ್ ಅಂತಲೇ ಕರೆಯುತ್ತಿದ್ದರು. ಒಳಗೆ ಅವನಿಗೆ ಸಮವಸ್ತ್ರ ಹೊಲಿಯುವ ಕೆಲಸ. ಇವತ್ತು ಮಧ್ಯಾಹ್ನದ ವ್ಯಾನಿನಲ್ಲಿ ಅವನನ್ನು ದೂರದ ಇನ್ನೊಂದು ಜೈಲಿಗೆ ಸಾಗಿಸುವುದಿತ್ತು. ನಿನ್ನೆ ಬಂದು ಕೈಮುಗಿದು ನಿಂತಿದ್ದ.

“ನಾನು ಹೋಗೋದ್ರೊಳಗೆ ಒಂದು ದೀಕ್ಷಾಸ್ನಾನ ಆಗ್ಬೇಕು ಸರ್. ಆಮೇಲೆ ಆಗೋ ಮಾತಲ್ಲ.”

ಜೈಲರ್ ಒಪ್ಪಿದ್ದ, ಆದರೆ ಕೋಳ ಬಿಚ್ಚುವ ಹಾಗಿಲ್ಲ ಅಂದಿದ್ದ. ಈಗ ಟೈಲರನ ಎಡಗೈಗೂ ಕಾವಲುಗಾರನ ಬಲಗೈಗೂ ಸೇರಿ ಒಂದೇ ಕೋಳ. ಆ ಕಾವಲುಗಾರನಿಗೆ ಮೀಸೆ ಅಂತ ಅಡ್ಡಹೆಸರು, ಆರಡಿ ಆಳು.

“ನೋಡೋ ಟೈಲರ್, ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರೋನು. ಏನಾದ್ರೂ ಆಟ ಕಟ್ಟಿದ್ಯೋ, ಸೀಟಿ ಊದ್ತೀನಿ. ಸ್ನಾನವೂ ಇಲ್ಲ, ಗೀನವೂ ಇಲ್ಲ,” ಎಂದ ಜೈಲರ್.

“ನಾನೆಲ್ಲಿಗೂ ಹೋಗಲ್ಲ ಸರ್. ಒಳಗೇ ಇರ್ತೀನಿ.”

ಟೈಲರನ ಹೆಗಲ ಮೇಲೆ ತಾನೇ ಹೊಲಿದ ಬಿಳಿ ನಿಲುವಂಗಿ. ಜೈಲರ್ ಅದನ್ನು ಕಿತ್ತುಕೊಂಡು ಅಂಚನ್ನೆಲ್ಲ ಹಿಸುಕಿ ನೋಡಿದ.

“ಇದೇನೋ ಡೇರೆ? ನಿನ್ನಂಥ ಕಡ್ಡಿಪೈಲ್ವಾನರು ಇಬ್ಬರು ಹಿಡೀತಾರಲ್ಲೋ!”

“ನೆಂದ್ರೆ ಬಟ್ಟೆ ಕುಗ್ಗುತ್ತೆ ಸರ್.” ಕೋಳವಿದ್ದ ಕೈಗೆ ಅದನ್ನು ತೊಡಿಸುವಂತಿರಲಿಲ್ಲ; ಜೈಲರ್ ಅದನ್ನು ತೊಟ್ಟಿಯ ಕಟ್ಟೆಯ ಮೇಲೆ ಎಸೆದ.

ದೀಕ್ಷಾಸ್ನಾನ ಕೊಡಲು ಚರ್ಚಿನಿಂದ ಬಂದಿದ್ದ ಪಾಸ್ಟರ್ ಆಗಲೇ ನೀರಿಗಿಳಿದು ನಿಂತಿದ್ದರು. “ಕೋಳ ಇದ್ರೆ ಇಬ್ಬರೂ ಇಳೀಬೇಕಾಗುತ್ತಲ್ಲ ಸರ್?”

“ಇಳೀಲಿ ಬಿಡಿ. ಮೀಸೆ ಮೈಗೂ ನೀರು ತಾಕಿ ವಾರ ಆಗಿರ್ಬೇಕು.”

ಮೀಸೆ ನಗಲಿಲ್ಲ. ಬೂಟು, ಬೆಲ್ಟು, ಟೋಪಿ ಒಂದೊಂದಾಗಿ ತೆಗೆದು ಬದಿಗಿಟ್ಟ. ಟೈಲರ್ ಅಂಗಿಯ ತೋಳನ್ನಷ್ಟೇ ಮಡಚಿಕೊಂಡ.

“ಏನಯ್ಯಾ, ಬೆಳಿಗ್ಗೆ ತಿಂಡಿಯನ್ನೂ ಮುಟ್ಟಲಿಲ್ವಂತೆ?” ಜೈಲರ್ ಮೀಸೆಯನ್ನು ಕೇಳಿದ.

“ಹಸಿವಿರಲಿಲ್ಲ ಸರ್,” ಎಂದ ಮೀಸೆ. ನೀರನ್ನು ನೋಡುತ್ತಿದ್ದ ಅವನ ಮುಖದಲ್ಲಿ ರಕ್ತವಿರಲಿಲ್ಲ.

ಜೈಲರನ ತಲೆಯಲ್ಲಿ ಹುಳ ಹೊಕ್ಕಿತು. ಇಬ್ಬರೂ ಸೇರಿ ಏನೋ ಹೂಡಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವನು ಕಂಡವನೇ. ಸೀಟಿ ತುಟಿಗೆ ಬಂತು.

ಇಬ್ಬರೂ ಮೆಟ್ಟಿಲಿಳಿದರು. ನೀರು ಎದೆಗೇರಿತು. ಟೈಲರ್ ಪಿಸುಗುಟ್ಟಿದ್ದು ಜೈಲರನಿಗೆ ಕೇಳಿಸಿತು: “ಉಸಿರು ಹಿಡ್ಕೊಳ್ಳಿ ಅಣ್ಣಾ. ಒಂದೇ ಕ್ಷಣ.”

“ಏಯ್! ಏನದು ಗುಸುಗುಸು?”

“ಮುಳುಗೋದು ಹೇಗೆ ಅಂತ ಸರ್.”

ಪಾಸ್ಟರ್ ಕೈಯೆತ್ತಿದರು. “ಇದು ಮೈ ತೊಳೆಯೋ ನೀರಲ್ಲ, ಸಮಾಧಿ. ಹಳೇ ಮನುಷ್ಯ ಇದರಲ್ಲಿ ಹೂತುಹೋಗ್ತಾನೆ. ಕ್ರಿಸ್ತನ ಜೊತೆ ಎದ್ದು ಬರೋನು ಹೊಸಬ.”

“ಹೊಸಬ ಎದ್ದು ಬಂದ್ರೆ ಹಳಬ ಎಲ್ಲಿ ಅಂತ ಮೇಲಿನವರು ನನ್ನ ಕೇಳ್ತಾರೆ ಪಾಸ್ಟರೇ!”

ಪಾಸ್ಟರ್ ಮುಗುಳ್ನಕ್ಕರು. ಆಮೇಲೆ ದನಿ ಗಂಭೀರವಾಯಿತು. “ಯಾರ ಬಲವಂತವೂ ಇಲ್ಲದೆ, ನಿನ್ನ ಸ್ವಂತ ಮನಸ್ಸಿನಿಂದ ಬಂದಿದ್ದೀಯಾ?”

“ಕೋಳ ಹಾಕಿಸ್ಕೊಂಡೋನಿಗೆ ಸ್ವಂತ ಮನಸ್ಸಂತೆ!” ಜೈಲರ್ ಗೊಣಗಿದ.

ಕೋಳದ ಸರಪಳಿ ನೀರಿನಡಿ ನಡುಗಿ ಅಲೆಯೆದ್ದಿತು. ಟೈಲರ್ ಕಣ್ಣು ಮುಚ್ಚಿ ಕಾಯುತ್ತಿದ್ದ. ವ್ಯಾನು ಅಂಗಳಕ್ಕೆ ಬಂದು ಹಾರ್ನ್ ಹೊಡೆಯಿತು.

“ಸಾಕು, ಮೇಲೆ ಬನ್ನಿ!” ಜೈಲರ್ ಕೂಗಿದ.

“ಹೌದು. ನನ್ನ ಸ್ವಂತ ಮನಸ್ಸಿನಿಂದಲೇ.” ಒಡೆದ, ದಪ್ಪ ದನಿ.

“ನಿನ್ನನ್ನಲ್ಲ ಕಣೋ ಮೀಸೆ ಕೇಳಿದ್ದು!”

ಅಷ್ಟರಲ್ಲಿ ಪಾಸ್ಟರ ಕೈ ಮೀಸೆಯ ಬೆನ್ನಿಗೆ ಆತುಕೊಂಡಿತ್ತು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಆರಡಿ ಆಳು ಹಿಂದಕ್ಕೆ ವಾಲಿ ಪೂರ್ತಿ ಮುಳುಗಿದ.

“ನನಗೆ ಹದಿನಾರನೇ ವಯಸ್ಸಲ್ಲೇ ದೀಕ್ಷಾಸ್ನಾನ ಆಗಿದೆ ಸರ್, ಇದು ಎರಡು ಸಲ ಆಗೋದಲ್ಲ,” ಎಂದ ಟೈಲರ್, ನೀರಿನಡಿಯ ಕೈಯನ್ನು ಗಟ್ಟಿಯಾಗಿ ಹಿಡಿದು. “ಪಾಪ, ಒಬ್ಬರೇ ಇಳಿಯೋಕೆ ಹೆದರ್ತಿದ್ರು, ಜೊತೆಗೆ ಬಂದೆ.”