ಪಕ್ಕದ ಬಾಗಿಲು

ನೀರಿನ ಸದ್ದು ನಿಂತದ್ದೂ ಶಿಯೊರಿ ಮೂಲಂಗಿ ಉಪ್ಪಿನಕಾಯಿ ಕಚ್ಚಿದ್ದೂ ಒಂದೇ ಕ್ಷಣಕ್ಕೆ ಆಗಿಹೋಯಿತು. ಕಾಲೇಜಿನ ಶೌಚಾಲಯದ ತುಂಬ ‘ಕರುಂ’ ಎಂದು ಕೇಳಿಸಿತು. ಮುಚ್ಚಿದ ಕಮೋಡಿನ ಮೇಲೆ ಕೂತಿದ್ದ ಅವಳು ಅಗಿಯುವುದನ್ನು ನಿಲ್ಲಿಸಿ ಊಟದ ಡಬ್ಬಿಯನ್ನು ಎದೆಗವುಚಿಕೊಂಡಳು.

ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಉಂಡರೆ ಗೆಳತಿಯರಿಲ್ಲದವಳೆಂದು ಇಡೀ ಸೆಂದಾಯಿ ಊರಿಗೇ ತಿಳಿಯುತ್ತದೆ. ಹಾಗಾಗಿ ಕಾಲೇಜು ಸೇರಿದಾಗಿನಿಂದ ಅವಳ ಮಧ್ಯಾಹ್ನದ ಊಟ ಇಲ್ಲೇ. ಗೋಡೆಯ ಗುಂಡಿ ಒತ್ತಿದರೆ ನೀರಿಲ್ಲದೆಯೇ ನೀರು ಹರಿಯುವ ಸದ್ದು ಮಾತ್ರ ಬರುತ್ತದೆ. ಹೆಂಗಸರ ಸಂಕೋಚ ಕಾಯಲೆಂದು ಇಟ್ಟದ್ದು. ಅವಳ ಊಟವನ್ನೂ ಕಾಯುತ್ತಿತ್ತು. ಇನ್ನು ಸಾಕು, ಕಾಲೇಜು ಬಿಟ್ಟು ಬರುತ್ತೇನೆಂದು ಇವತ್ತು ಸಂಜೆ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿಬಿಡುವುದೆಂದು ಅವಳು ನಿರ್ಧರಿಸಿದ್ದಳು.

ಪಕ್ಕದಲ್ಲಿ ಯಾರೋ ಗುಂಡಿ ಒತ್ತಿದರು. ಸದ್ದು ನಿಂತಿತು. ಮತ್ತೆ ಒತ್ತಿದರು. ಶಿಯೊರಿ ಕಿವಿಗೊಟ್ಟಳು. ನೀರಿನ ಸದ್ದಿನ ಅಡಿಯಲ್ಲಿ ಅನ್ನದುಂಡೆಯ ಪ್ಲಾಸ್ಟಿಕ್ ಹಾಳೆ ಚರಚರ ಎನ್ನುತ್ತಿತ್ತು.

“ಮೂಲಂಗಿನಾ?” ಆಚೆಯಿಂದ ಹುಡುಗಿಯ ದನಿ.

ಶಿಯೊರಿ ತಟ್ಟನೆ ತನ್ನ ಗುಂಡಿ ಒತ್ತಿದಳು.

“ಗಾಬರಿಯಾಗ್ಬೇಡ. ನಂದು ಮೀನು ಹಾಕಿದ ಅನ್ನದುಂಡೆ, ಅಗಿದ್ರೆ ಸದ್ದೇ ಬರಲ್ಲ. ಮೂಲಂಗಿ ತಗೊಂಡು ಯಾರಾದ್ರೂ ಇಲ್ಲಿಗೆ ಬರ್ತಾರೇನೇ?”

“ಅಮ್ಮ ಕಳಿಸಿದ್ದು,” ಎಂದಳು ಶಿಯೊರಿ. ನಗು ಬಂತು. ಆಮೇಲೆ ಆ ದನಿ ಎಲ್ಲಿ ಕೇಳಿದ್ದೆಂದು ಹೊಳೆಯಿತು. “ನೀವು ಸೀನಿಯರ್ ಮಾಯುಮಿ ಅಕ್ಕ ಅಲ್ವಾ? ಬೆಳಿಗ್ಗೆ ಮೊದಲ ವರ್ಷದವರಿಗೆ ಭಾಷಣ ಮಾಡಿದ್ರಿ. ಮನಸ್ಸಿಗೆ ಕಷ್ಟ ಆದ್ರೆ ಒಬ್ಬೊಬ್ರೇ ಇರ್ಬೇಡಿ, ನನ್ನ ಹತ್ರ ಬನ್ನಿ ಅಂತ.”

ಆಚೆ ಗುಂಡಿ ಒತ್ತಿದ ಸದ್ದು.

“ಯಾರಿಗೂ ಹೇಳ್ಬೇಡ ಮಾರಾಯ್ತಿ. ಮೂರು ವರ್ಷದಿಂದ ಇದೇ ನನ್ನ ಜಾಗ.”

“ಹಾಗಾದ್ರೆ ನೀವು ಹೇಳಿದ್ದು ಸುಳ್ಳಾ?”

“ಸುಳ್ಳಲ್ಲ. ನನ್ನ ಕೈಲಿ ಆಗ್ಲಿಲ್ಲ, ಅಷ್ಟೆ.”

ಮೂರು ವರ್ಷ. ಶಿಯೊರಿ ಎದುರಿನ ಬಿಳಿ ಬಾಗಿಲನ್ನು ನೋಡುತ್ತ ಕೂತಳು. ವೇದಿಕೆಯ ಮೇಲೆ ಅಷ್ಟು ಚೆನ್ನಾಗಿ ನಗುವವಳಿಗೂ ಈ ಬಾಗಿಲು ತೆರೆಯಲು ಆಗಿರಲಿಲ್ಲ. ಅವಳು ಡಬ್ಬಿ ಮುಚ್ಚಿ, ಚಿಲಕ ತೆಗೆದು ಹೊರಗೆ ಬಂದಳು. ಪಕ್ಕದ ಬಾಗಿಲನ್ನು ಮೆಲ್ಲಗೆ ತಟ್ಟಿದಳು.

“ಅಕ್ಕ, ನಾನು ಕ್ಯಾಂಟೀನಿಗೆ ಹೋಗ್ತಿದೀನಿ. ಅರ್ಧ ಊಟ ಉಳಿದಿದೆ.”

ಒಳಗೆ ಪ್ಲಾಸ್ಟಿಕ್ ಹಾಳೆ ಮಡಚಿದ ಸದ್ದು.

“ಒಬ್ಳೇನಾ?”

“ಅದನ್ನ ನೀವು ಹೇಳ್ಬೇಕು.”