ಹೂಕೋಸಿನ ಗಾಡಿ

“ಇಂಥಾ ಗಾಡಿ ಮಂದಿ ಎಲ್ಲಿಗೆ ಹೋಗ್ತಾರ ಹೇಳು? ಪೊದಿ ಹಿಂದ! ಬೀಚೆಲ್ಲಾ ಹೊಲಸ ಮಾಡಿ ಇಡ್ತಾರ.”

ಪಕ್ಕದಲ್ಲಿ ನಿಂತಿದ್ದ, ಚಕ್ರದ ಮೇಲಿನ ಮನೆಯಂಥ ಮೋಟರ್‌ಹೋಮಿನ ಯಜಮಾನ ತನ್ನ ಹೆಂಡತಿಗೆ ಗಟ್ಟಿಯಾಗಿಯೇ ಹೇಳಿದ. ಕನ್ನಡದಲ್ಲಿ ಹೇಳಿದರೆ ಈ ಪರದೇಶದ ಕಡಲ ದಂಡೆಯಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಅವನದು. ಎರಡು ಮಾರು ದೂರದಲ್ಲಿ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಚಹಾ ಸೋಸುತ್ತಿದ್ದ ಫಹಮಿದಾ ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ.

“ಯಾರ್ರೀ ಪೊದಿ ಹಿಂದ ಹೋಗವ್ರು?” ಸೋಸಣಿಗೆ ಹಿಡಿದುಕೊಂಡೇ ಅವಳು ಎದ್ದು ನಿಂತಳು.

ಆತ ಬೆಚ್ಚಿದ. ಬೆಚ್ಚಿದ್ದು ಒಂದೇ ಗಳಿಗೆ. “ಓಹೋ, ನಮ್ಮ ಕಡೆಯವ್ರು! ನಾನು ರುದ್ರೇಶ, ಧಾರವಾಡ. ಈಗ ಇಲ್ಲೇ ಟೌರಂಗಾದಾಗ ಇರ್ತೀವಿ. ತಪ್ಪ ತಿಳ್ಕೋಬ್ಯಾಡ್ರಿ, ಇದು ಒಂದು ಲೆವೆಲ್ಲಿನ ಮಂದಿ ಬರೋ ಜಾಗ. ಆ ಕಡೆ ಕಾರ್ ಪಾರ್ಕ್ ಅದ, ಅಲ್ಲಿ ಹಚ್ಚಕೋರಿ.”

ಲೆವೆಲ್ಲಂತೆ! ಫಹಮಿದಾಳ ಮೈಯೆಲ್ಲ ಉರಿಯಿತು. ದಾರಿಯಲ್ಲಿ ಮೋಟರ್‌ಹೋಮಿನವರು ಎದುರಾದರೆ ಪರಸ್ಪರ ಕೈ ಬೀಸುವುದು ಇಲ್ಲಿಯ ಪದ್ಧತಿ. ತಾವಿರುವ ಊರು ಪುಕೆಕೊಹೆಯಿಂದ ಇಲ್ಲಿಯತನಕ ಇವರ ವ್ಯಾನಿಗೆ ಒಂದು ಕೈಯೂ ಎದ್ದಿರಲಿಲ್ಲ. ತರಕಾರಿ ಸಾಗಿಸುತ್ತಿದ್ದ ಹಳೆಯ ವ್ಯಾನು ಅದು. ಎರಡು ಸಲ ಬಣ್ಣ ಬಳಿದರೂ ಮಗ್ಗುಲಲ್ಲಿದ್ದ ಹೂಕೋಸಿನ ಚಿತ್ರ ಹಟ ಹಿಡಿದು ಇಣುಕುತ್ತಿತ್ತು.

ಆದರೆ ಒಳಗಿನದೆಲ್ಲ ಅವಳ ಗಂಡ ಅನೀಸನ ಕೈಕೆಲಸ. ಅವನು ಪುಕೆಕೊಹೆಯ ವರ್ಕ್‌ಶಾಪೊಂದರಲ್ಲಿ ಮೋಟರ್‌ಹೋಮುಗಳ ಮರಗೆಲಸ ಮಾಡುತ್ತಿದ್ದ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ವ್ಯಾನಿನೊಳಗೆ ಮಂಚ ಮಾಡಿದ್ದ, ಒಲೆ ಕೂರಿಸಿದ್ದ, ಕಪಾಟಿನ ಬಾಗಿಲಿಗೆ ತನ್ನ ಗುರುತಿನಂತೆ ಒಂದು ಮಾವಿನಕಾಯಿ ಚಿತ್ತಾರದ ಬಳ್ಳಿ ಕೆತ್ತಿದ್ದ. ಹಿಂದುಗಡೆ ಟಾಯ್ಲೆಟ್ಟೂ ಇತ್ತು, ಅದು ಮಾತ್ರ ಹೊಚ್ಚ ಹೊಸದು. ಯಾರೋ ದೊಡ್ಡವರು ಒಂದು ದಿನವೂ ಬಳಸದೆ ಬೇಡವೆಂದದ್ದಂತೆ. ಯಾರು ಎಂದು ಅವನು ಹೇಳಿರಲಿಲ್ಲ. ವರ್ಕ್‌ಶಾಪಿನ ಮಾತನ್ನು ಮನೆಗೆ ತರುವವನಲ್ಲ ಅವನು.

“ಮಮ್, ಕ್ಯಾನ್ ವಿ ಜಸ್ಟ್ ಗೋ?” ವ್ಯಾನಿನೊಳಗಿಂದ ಹದಿನಾಲ್ಕರ ಸನೋಬರ್ ಪಿಸುಗುಟ್ಟಿದಳು. ಪರದೆ ಎಳೆದುಕೊಂಡು ಕೂತಿದ್ದಳು.

“ಎಲ್ಲೂ ಹೋಗೂದಿಲ್ಲ!” ಈಗ ಜಾಗ ಬಿಟ್ಟು ಹೊರಟರೆ ಮಗಳು ಅಪ್ಪನ ಕೈಕೆಲಸವನ್ನು ಜನ್ಮದಲ್ಲಿ ತಲೆಯೆತ್ತಿ ನೋಡುವುದಿಲ್ಲ. ಅದು ಫಹಮಿದಾಳಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ರುದ್ರೇಶ ಊರಿನ ಕೌನ್ಸಿಲ್ಲಿಗೆ ಫೋನು ಹಚ್ಚಿಯಾಗಿತ್ತು. ಟಾಯ್ಲೆಟ್ ಇಲ್ಲದ ವಾಹನ ಇಲ್ಲಿ ತಂಗಿದರೆ ದಂಡ, ಮೇಲೆ ಕೂಡಲೇ ಜಾಗ ಖಾಲಿ ಮಾಡಬೇಕು.

ಗಾಳದ ಕೋಲು ಹಿಡಿದು ನೀರಿನ ಕಡೆಯಿಂದ ಬಂದ ಅನೀಸ್ ಹೆಂಡತಿಯ ದೂರೆಲ್ಲ ಕೇಳಿದ. ಆ ದೊಡ್ಡ ಮೋಟರ್‌ಹೋಮನ್ನು ತುದಿಯಿಂದ ತುದಿಗೆ ನೋಡಿದ. ರುದ್ರೇಶ ಅವನನ್ನು ಕಂಬವನ್ನು ನೋಡಿದಂತೆ ನೋಡಿ ಮುಖ ತಿರುಗಿಸಿದ.

“ಬರಲಿ ಬಿಡು,” ಎಂದ ಅನೀಸ್. ಅಷ್ಟೇ. ಮೀನು ಹೆರೆಯಲು ಕೂತ.

ಗಂಡನ ಈ ತಣ್ಣಗಿನ ಗುಣಕ್ಕೆ ಫಹಮಿದಾಳ ಸಿಟ್ಟು ಇಮ್ಮಡಿಯಾಯಿತು. ಎದುರಿಗೆ ರುದ್ರೇಶನ ಹೆಂಡತಿ ರತ್ನಪ್ರಭಾ ಶಾಲು ಹೊದ್ದು, ಗಾಳಿಗೆ ತೂರಾಡುತ್ತಾ, ದೂರದ ಸಾರ್ವಜನಿಕ ಶೌಚಾಲಯದ ಕಡೆ ಹೊರಟಿದ್ದಳು. ಬೆಳಗಿನಿಂದ ಇದು ಮೂರನೆಯ ಸಲ. ಬಂದವಳು ಪ್ರತಿ ಸಲವೂ ಕಾಲು ತೊಳೆದೇ ಗಾಡಿ ಹತ್ತುತ್ತಿದ್ದಳು. ಹಿಂದಿನ ಪುಟ್ಟ ಕಿಟಕಿಯಿಂದ ಊದಿನಕಡ್ಡಿಯ ವಾಸನೆ ಬರುತ್ತಿತ್ತು. ಅರಮನೆಯಂಥ ಗಾಡಿ ಇಟ್ಟುಕೊಂಡು, ಎಲ್ಲಿ ಮಾಸೀತೋ ಎಂದು ಹೊರಗೆ ಓಡಾಡುತ್ತಾರಲ್ಲ, ಇವರ ಜಂಬಕ್ಕಿಷ್ಟು ಬೆಂಕಿ ಹಾಕ!

ಕೌನ್ಸಿಲ್ಲಿನ ಅಧಿಕಾರಿಣಿ ಬಂದಳು. ಸುತ್ತಲಿನ ಮೋಟರ್‌ಹೋಮುಗಳ ಜನವೆಲ್ಲ ಕಾಫಿ ಕಪ್ಪು ಹಿಡಿದೇ ನೆರೆದರು. ಅವಳು ವ್ಯಾನಿನ ಗಾಜಿಗೆ ಅಂಟಿಸಿದ್ದ, ಒಳಗೆ ಟಾಯ್ಲೆಟ್ ಇದೆಯೆಂದು ಸಾರುವ ಹಸಿರು ಚೀಟಿ ನೋಡಿದಳು, ಒಳಗೆ ಹೋದಳು, ನೀರು ಬಿಟ್ಟಳು, ಟಾಯ್ಲೆಟ್ಟಿನ ಮುಚ್ಚಳ ಎತ್ತಿ ಇಳಿಸಿದಳು.

“ಎಲ್ಲ ಸರಿಯಾಗಿದೆ. ಬಹಳ ಅಚ್ಚುಕಟ್ಟಾದ ಕೆಲಸ,” ಎಂದಳು ಇಂಗ್ಲಿಷಿನಲ್ಲಿ.

ಸನೋಬರ್ ಪರದೆ ಸರಿಸಿ ಹೊರಗೆ ಇಣುಕಿದಳು.

ರುದ್ರೇಶನಿಗೆ ಅಲ್ಲಿಗೆ ಬಿಡಲಾಗಲಿಲ್ಲ. “ಚೀಟಿ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು ಮೇಡಂ. ಬರೀ ಚೀಟಿ ನಂಬಬೇಡಿ.”

“ನಿಜ, ನಂಬಬಾರದು,” ಎಂದಳು ಅವಳು. “ಬಂದಿದ್ದೇನೆ, ಎಲ್ಲರದ್ದೂ ನೋಡಿಬಿಡುತ್ತೇನೆ. ನಿಮ್ಮದರಿಂದಲೇ ಶುರು ಮಾಡೋಣವೇ?”

“ನಮ್ಮದು ಹೊಸದು. ಕೊಂಡಾಗಲೇ ಹಸಿರು ಚೀಟಿ ಕೊಟ್ಟಿದ್ದಾರೆ. ನೋಡುವುದೇನಿದೆ?” ರುದ್ರೇಶ ಮೆಟ್ಟಿಲಿಗೆ ಅಡ್ಡ ನಿಂತ. ಅವಳು ಪಕ್ಕದಿಂದ ನುಸುಳಿ ಹತ್ತಿದಳು.

“ಮೇಡಂ, ಶೂಸ್ ಪ್ಲೀಸ್!” ರತ್ನಪ್ರಭಾ ಕೂಗಿಕೊಳ್ಳುವಷ್ಟರಲ್ಲಿ ಹಿಂದಿನ ಪುಟ್ಟ ಬಾಗಿಲು ತೆರೆದಾಗಿತ್ತು.

ಒಳಗೆ ಸಾಗವಾನಿಯ ದೇವರ ಜಗಲಿ. ಬೆಳ್ಳಿಯ ಸಮೆ ದೀಪ, ವಿಭೂತಿ ಬಟ್ಟಲು, ಇನ್ನೂ ಹೊಗೆಯಾಡುವ ಊದಿನಕಡ್ಡಿ. ಮೆಟ್ಟಿಲ ಬಳಿ ನಿಂತಿದ್ದ ಫಹಮಿದಾಳಿಗೆ ಜಗಲಿಯ ಅಂಚೂ ಕಂಡಿತು. ಅಲ್ಲಿ ಅದೇ ಮಾವಿನಕಾಯಿ ಚಿತ್ತಾರದ ಬಳ್ಳಿ. ಅವಳು ತಟ್ಟನೆ ಗಂಡನ ಕಡೆ ತಿರುಗಿದಳು.

“ಅಡಗಿ ಒಲಿ ಬಾಜೂಕ ಪಾಯಖಾನಿ ಹೆಂಗ ಇಡೂದ್ರೀ?” ರತ್ನಪ್ರಭಾ ಅಳುದನಿಯಲ್ಲಿ ಯಾರಿಗೋ ಹೇಳಿದಳು.

“ಹಾಗಾದರೆ ಈ ವಾಹನದ ಟಾಯ್ಲೆಟ್ ಎಲ್ಲಿದೆ?” ಅಧಿಕಾರಿಣಿ ಕೇಳಿದಳು.

ಅನೀಸ್ ಕೈಗೆ ಹತ್ತಿದ್ದ ಮೀನಿನ ಹುರುಪೆ ಒರೆಸಿಕೊಂಡು ಎದ್ದ. “ಈಗಷ್ಟೇ ಮುಚ್ಚಳ ಎತ್ತಿ ನೋಡಿದಿರಲ್ಲ, ಮೇಡಂ. ಈ ಸಾಹೇಬರು ಕಿತ್ತು ಎಸೆಯಿರಿ ಅಂದಿದ್ದರಂತೆ, ನಾನು ನಮ್ಮ ವ್ಯಾನಿಗೆ ಹಾಕಿಕೊಂಡೆ.”